ಡಾಕ್‌ಬುಕ್ ಒಂದೇ ಫೈಲಿಂದ ವೆಬ್‌ಸೈಟು, ಪ್ರಿಂಟ್ ಪುಸ್ತಕ ಎರಡೂ ತೆಗೆಯೋದು, ಒತ್ತಕ್ಷರ ಮುರಿಯದ ಹಾಗೆ

ಪ್ರಿಂಟ್‌ಗೆ ಹೋಗೋಕ್ ಮುಂಚೆ ಒಂದು ಪ್ರೂಫ್ ಕಾಪಿ ಕೇಳಿದ್ದಕ್ಕೆ ಬಚಾವಾದೆ. ಪಂಪ್‌ಸೆಟ್ ಸ್ಟಾರ್ಟರ್ ಒಂದರ ಕನ್ನಡ ಮ್ಯಾನ್ಯುಯಲ್ ಅದು, ರೈತರು ಓದೋದು, ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ "ಎಚ್ಚರಿಕೆ" ಅಂತ ಇರಬೇಕಾದ ಕಡೆ "ಎಚ್‌ಚರಿಕೆ" ಅಂತ ಬಂದಿದೆ, ಅದರ ಕೆಳಗೆ "ವಿದ್‌ಯುತ್". ವೆಬ್‌ಸೈಟಲ್ಲಿ ಅದೇ ಮಾತು ಮುತ್ತು ಪೋಣಿಸಿದ ಹಾಗಿತ್ತು. ಸೋರ್ಸ್ ಒಂದೇ, ಡಾಕ್‌ಬುಕ್‌ನಲ್ಲಿ ಅಂದ್ರೆ ಮ್ಯಾನ್ಯುಯಲ್ ಬರೆಯೋಕೆ ಅಂತ ಇರೋ ಟ್ಯಾಗ್ ಭಾಷೆಯಲ್ಲಿ ಬರೆದದ್ದು, ಫಾಂಟ್ ಕೂಡ ಒಂದೇ, ಆದ್ರೂ ಪ್ರಿಂಟಲ್ಲಿ ಮಾತ್ರ ಒತ್ತಕ್ಷರ ಎಲ್ಲ ಬಿಡಿಬಿಡಿ. ಅವತ್ತಿಂದ ನಾನು ಕಲಿತದ್ದನ್ನೆಲ್ಲ ಇಲ್ಲಿ ಬರೀತಿದೀನಿ. ವೆಬ್ ಭಾಗ ಸುಲಭ, ಬೇಗ ಮುಗಿಸ್ತೀನಿ, ಪ್ರಿಂಟ್ ಭಾಗದಲ್ಲಿ ಸ್ವಲ್ಪ ಜಾಸ್ತಿ ಕೂರೋಣ.

ಒಂದ್ ಮಾತು ಮೊದಲೇ ಹೇಳ್ಬಿಡ್ತೀನಿ, ಕಮಾಂಡ್ ಹೆಸರು, ಟ್ಯಾಗ್ ಹೆಸರು ಎಲ್ಲಾನೂ ಇಲ್ಲಿ ಕನ್ನಡದಲ್ಲೇ ಉಚ್ಚಾರಣೆ ಪ್ರಕಾರ ಬರೆದಿದೀನಿ, ನೀವು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೀಬೇಕು, ಬಹುತೇಕ ಸಣ್ಣಕ್ಷರ.

ಡಾಕ್‌ಬುಕ್ಕೇ ಯಾಕೆ

ಡಾಕ್‌ಬುಕ್ ಹೊಸದೇನಲ್ಲ, 1991ರಲ್ಲಿ ಹಾಲ್ ಕಂಪ್ಯೂಟರ್ ಸಿಸ್ಟಮ್ಸ್ ಮತ್ತು ಓರೈಲಿ ಸೇರಿ ಶುರು ಮಾಡಿದ್ದು, ಆಗ ಎಸ್‌ಜಿಎಂಎಲ್ ಅನ್ನೋ ಹಳೇ ಟ್ಯಾಗ್ ಭಾಷೆ ಇತ್ತು, 1998ರಲ್ಲಿ ಓಯಸಿಸ್ ಅನ್ನೋ ಸ್ಟ್ಯಾಂಡರ್ಡ್ಸ್ ಸಂಸ್ಥೆ ಕೈಗೆ ಬಂತು, ಆಮೇಲೆ ಅದರ ಸರಳ ರೂಪ ಎಕ್ಸ್‌ಎಂಎಲ್ ಆಯ್ತು, 2009ರಲ್ಲಿ 5.0 ಬಂತು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಅಷ್ಟು ದಪ್ಪ ಮ್ಯಾನ್ಯುಯಲ್ ಇವತ್ತಿಗೂ ಡಾಕ್‌ಬುಕ್ಕೇ, ಪಿಎಚ್‌ಪಿ ಮ್ಯಾನ್ಯುಯಲ್ಲೂ ಅಷ್ಟೇ. ಲಿನಕ್ಸ್ ಕರ್ನಲ್‌ನವ್ರು ಮಾತ್ರ ಇದನ್ನ ಬಿಟ್ಟು ಸ್ಫಿಂಕ್ಸ್ ಅನ್ನೋ ಇನ್ನೊಂದು ಟೂಲ್ ಕಡೆ ಹೋದ್ರು.

ಇದರ ಗಮ್ಮತ್ತು ಏನಂದ್ರೆ ಇದರಲ್ಲಿ "ಇದು ಕೆಂಪು, ಇದು ದಪ್ಪ" ಅಂತ ಹೇಳೋಕೆ ಜಾಗ ಇಲ್ಲ, "ಇದು ಎಚ್ಚರಿಕೆ, ಇದು ಹಂತ, ಇದು ಭಾಗದ ಹೆಸರು" ಅಂತ ಮಾತ್ರ ಹೇಳ್ತೀವಿ. ವಾರ್ನಿಂಗ್ ಅನ್ನೋ ಟ್ಯಾಗ್ ಹಾಕಿದ್ರೆ ವೆಬ್ಬಲ್ಲಿ ಅದು ಹಳದಿ ಡಬ್ಬ ಆಗತ್ತೋ, ಕಪ್ಪು-ಬಿಳುಪು ಪುಸ್ತಕದಲ್ಲಿ ದಪ್ಪ ಗೆರೆಯ ಚೌಕ ಆಗತ್ತೋ ಅದು ಸ್ಟೈಲ್‌ಶೀಟ್ ಕೆಲಸ. ಹಾಗಂತ ನಾಲ್ಕು ಪುಟದ ಪಾಂಪ್ಲೆಟ್‌ಗೆ ಇದನ್ನ ತರಬೇಡಿ, ಮೂಗಿಗಿಂತ ಮೂಗುತಿ ಭಾರ ಆಗತ್ತೆ, ಅದಕ್ಕೆ ಮಾರ್ಕ್‌ಡೌನ್ ಅನ್ನೋ ಸರಳ ಬರವಣಿಗೆ ರೀತಿ ಸಾಕು. ಮಾಡೆಲ್ ಮೂರು, ಭಾಷೆ ಎರಡು, ವರ್ಷಕ್ಕೊಂದು ತಿದ್ದುಪಡಿ ಅಂತ ಇರೋ ಕಡೆ ಮಾತ್ರ ಇದರ ಬೆಲೆ ಗೊತ್ತಾಗೋದು.

ಸಾಮಾನು ಸರಂಜಾಮು

ಉಬುಂಟು ಅಥವಾ ಡೆಬಿಯನ್ ಇದ್ರೆ ಇಷ್ಟು ಪ್ಯಾಕೇಜ್ ಹಾಕ್ಕೊಳ್ಳಿ: ಎಕ್ಸ್‌ಎಸ್‌ಎಲ್‌ಟಿಪ್ರಾಕ್, ಲಿಬ್‌ಎಕ್ಸ್‌ಎಂಎಲ್2-ಯುಟಿಲ್ಸ್, ಡಾಕ್‌ಬುಕ್-ಎಕ್ಸ್‌ಎಸ್‌ಎಲ್-ಎನ್‌ಎಸ್, ಡಾಕ್‌ಬುಕ್5-ಎಕ್ಸ್‌ಎಂಎಲ್, ಜಿಂಗ್, ವೀಸಿಪ್ರಿಂಟ್, ಪಾಪ್ಲರ್-ಯುಟಿಲ್ಸ್. ಎನ್‌ಎಸ್ ಅಂತ ಕೊನೇಲಿ ಇರೋದನ್ನೇ ತಗೊಳ್ಳಿ, ಡಾಕ್‌ಬುಕ್ 5ಕ್ಕೆ ನೇಮ್‌ಸ್ಪೇಸ್ (ಟ್ಯಾಗ್ ಯಾವ ಭಾಷೆಯದು ಅಂತ ಹೇಳೋ ಗುರುತು) ಇರೋದ್ರಿಂದ ಅದೇ ಸರಿ ಹೊಂದೋದು. ಫಾಂಟ್‌ಗೆ ನೋಟೋ ಸೆರಿಫ್ ಕನ್ನಡ, ನೋಟೋ ಸ್ಯಾನ್ಸ್ ಕನ್ನಡ ಎರಡೂ ಇರಲಿ, ಗುಬ್ಬಿ, ನವಿಲು ಕೂಡ ಡೆಬಿಯನ್‌ನಲ್ಲೇ ಸಿಗತ್ತೆ.

ಅನುವಾದಕರು ನುಡಿ ಅಥವಾ ಶ್ರೀಲಿಪಿಯ ಹಳೇ ಆಸ್ಕಿ ಫಾಂಟಲ್ಲಿ ವರ್ಡ್ ಫೈಲ್ ಕಳಿಸಿದ್ರೆ ಅದನ್ನ ಯೂನಿಕೋಡ್‌ಗೆ ಬದಲಾಯಿಸದೆ ಒಂದ್ ಹೆಜ್ಜೆನೂ ಮುಂದಿಡಬೇಡಿ. ಬದಲಾಯಿಸಿದ ಮೇಲೆ ಅರ್ಕಾವತ್ತು ಇರೋ ಪದಗಳನ್ನ ಕಣ್ಣಲ್ಲೇ ನೋಡಿ, "ಸಂಪರ್ಕ", "ಮಾರ್ಗ", "ಸರ್ಕಾರ" ಇಂಥವು, ಕನ್ವರ್ಟರ್‌ಗಳು ಎಡವೋದು ಅಲ್ಲೇ. ಇನ್ನೊಂದು, "ಸಾಫ್ಟ್‌ವೇರ್" ಅನ್ನೋ ಪದದ ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರತ್ತೆ, ಜೀರೋ ವಿಡ್ತ್ ನಾನ್ ಜಾಯಿನರ್ ಅಂತ, ಅದು ಇಲ್ದಿದ್ರೆ "ಸಾಫ್ಟ್ವೇರ್" ಅಂತ ಒತ್ತು ಬಂದು ಕೂರತ್ತೆ. ಕೆಲವು ಎಡಿಟರ್, ಕೆಲವು ಕ್ಲೀನಪ್ ಸ್ಕ್ರಿಪ್ಟ್ "ಇದೇನೋ ಕಸ" ಅಂತ ಅದನ್ನ ಗುಡಿಸಿ ಹಾಕ್ತವೆ. ಸೋರ್ಸಲ್ಲೇ ಹೋದ್ರೆ ಮುಂದೆ ಯಾವ ಟೂಲೂ ಅದನ್ನ ವಾಪಸ್ ತರಲ್ಲ.

ಸೋರ್ಸ್ ಜೋಡಿಸೋದು

ಒಂದೇ ಫೈಲಲ್ಲಿ ಇಡೀ ಪುಸ್ತಕ ತುಂಬಬೇಡಿ. ಪುಸ್ತಕ ಅಂತ ಒಂದು ಮೇನ್ ಫೈಲ್, ಅದರಲ್ಲಿ ಬುಕ್ ಟ್ಯಾಗ್, ಟೈಟಲ್, ಆಮೇಲೆ ಒಂದೊಂದು ಅಧ್ಯಾಯಕ್ಕೂ ಬೇರೆ ಫೈಲನ್ನ ಒಳಗೆ ತರೋ ಒಂದೊಂದು ಎಕ್ಸ್‌ಇನ್‌ಕ್ಲೂಡ್ ಸಾಲು, ಅಷ್ಟೇ. ಅಧ್ಯಾಯಗಳು ಬೇರೆ ಬೇರೆ ಫೈಲ್. ಬುಕ್ ಟ್ಯಾಗಿಗೆ ಭಾಷೆ ಕನ್ನಡ ಅಂತ ಅದರ ಎರಡಕ್ಷರದ ಕೋಡ್ ಕೊಡಿ, ಡಾಕ್‌ಬುಕ್ ಸ್ಟೈಲ್‌ಶೀಟ್‌ಗಳ ಒಳಗೆ ಕನ್ನಡದ್ದೊಂದು ಫೈಲ್ ಇದೆ, ಅದರಿಂದ ಪರಿವಿಡಿ, ಅಧ್ಯಾಯ ತರದ ತಲೆಬರಹ ಕನ್ನಡದಲ್ಲಿ ಬರತ್ತೆ. ಅಲ್ಲಿನ ಪದ ನಿಮಗೆ ಹಿಡಿಸದಿದ್ರೆ ಲೋಕಲ್ ಡಾಟ್ ಎಲ್10ಎನ್ ಡಾಟ್ ಎಕ್ಸ್‌ಎಂಎಲ್ ಅನ್ನೋ ಪ್ಯಾರಾಮೀಟರ್ ಮೂಲಕ ನಿಮ್ಮದನ್ನ ಹಾಕ್ಕೋಬಹುದು, ನಾನು ಒಂದಷ್ಟು ಹಾಗೇ ಬದಲಾಯಿಸ್ಕೊಂಡೆ, ಪುಸ್ತಕದ ಭಾಷೆ ಹಳ್ಳಿ ಜನಕ್ಕೆ ಅರ್ಥ ಆಗಬೇಕಲ್ಲ.

ಪ್ರತಿ ಅಧ್ಯಾಯಕ್ಕೂ, ಮುಖ್ಯ ಸೆಕ್ಷನ್‌ಗೂ ಐಡಿ ಕೊಡೋದು ಮರೀಬೇಡಿ, ಅದೂ ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡದಲ್ಲೂ ಕೊಡಬಹುದು, ಎಕ್ಸ್‌ಎಂಎಲ್ ಬೇಡ ಅನ್ನಲ್ಲ, ಆದ್ರೆ ಅದೇ ಫೈಲ್ ಹೆಸರಾಗಿ ವೆಬ್ ವಿಳಾಸದಲ್ಲಿ ಹೋದಾಗ ವಾಟ್ಸಾಪಲ್ಲಿ ಪರ್ಸೆಂಟ್ ಚಿಹ್ನೆಗಳ ಮೆರವಣಿಗೆ ಬರತ್ತೆ. ಐಡಿ ಒಂದ್ಸಲ ಕೊಟ್ಟ ಮೇಲೆ ಬದಲಾಯಿಸೋ ಹಾಗಿಲ್ಲ. ಯಾಕಂದ್ರೆ ನಾವು ಪ್ರಿಂಟ್ ಪುಸ್ತಕದಲ್ಲಿ ಅಧ್ಯಾಯದ ಕೊನೆಗೆ ಕ್ಯೂಆರ್ ಕೋಡ್ ಹಾಕಿದ್ವಿ, ಅದು ನೇರ ಆ ವೆಬ್ ಪುಟಕ್ಕೆ ಹೋಗತ್ತೆ, ಪಂಪ್‌ಹೌಸಿನ ಗೋಡೆಗೆ ನೇತು ಹಾಕಿರೋ ಪುಸ್ತಕಕ್ಕೆ ರೀಡೈರೆಕ್ಟ್ ಕೊಡೋಕಾಗಲ್ಲ.

ಬರೆದಾದ ಮೇಲೆ ವ್ಯಾಲಿಡೇಟ್ ಮಾಡಿ, ಅಂದ್ರೆ ಟ್ಯಾಗ್‌ಗಳು ನಿಯಮದ ಪ್ರಕಾರ ಇದಾವಾ ಅಂತ ನೋಡಿ. ಮೊದಲು ಎಕ್ಸ್‌ಎಂಎಲ್‌ಲಿಂಟ್‌ಗೆ ಎಕ್ಸ್‌ಇನ್‌ಕ್ಲೂಡ್ ಆಪ್ಷನ್ ಕೊಟ್ಟು ಎಲ್ಲಾ ಅಧ್ಯಾಯ ಸೇರಿಸಿ ಒಂದು ದೊಡ್ಡ ಫೈಲ್ ಮಾಡ್ಕೊಳ್ಳಿ, ಅದನ್ನ ಜಿಂಗ್‌ಗೆ ಡಾಕ್‌ಬುಕ್ ರಿಲ್ಯಾಕ್ಸ್ ಎನ್‌ಜಿ ಸ್ಕೀಮಾ (ಯಾವ ಟ್ಯಾಗ್ ಎಲ್ಲಿ ಬರಬಹುದು ಅನ್ನೋ ನಿಯಮದ ಫೈಲ್) ಜೊತೆ ಕೊಡಿ. ಎಕ್ಸ್‌ಎಂಎಲ್‌ಲಿಂಟೂ ವ್ಯಾಲಿಡೇಟ್ ಮಾಡತ್ತೆ, ಆದ್ರೆ ಅದರ ಎರರ್ ಮೆಸೇಜ್ ಓದಿ ತಪ್ಪು ಎಲ್ಲಿದೆ ಅಂತ ಕಂಡುಹಿಡಿಯೋಕೆ ಜಾತಕ ಬರೆಸಬೇಕು. ಜಿಂಗ್ ಸಾಲು ನಂಬರ್ ಹೇಳಿ, ಇಲ್ಲಿ ಈ ಟ್ಯಾಗ್ ಬರೋ ಹಾಗಿಲ್ಲ ಅಂತ ನೇರ ಹೇಳತ್ತೆ.

ವೆಬ್‌ಗೆ

ಮೊದಲು ನಿಮ್ಮದೇ ಒಂದು ಸಣ್ಣ ಸ್ಟೈಲ್‌ಶೀಟ್ ಫೈಲ್ ಮಾಡ್ಕೊಳ್ಳಿ. ಅದರಲ್ಲಿ ಮೊದಲ ಸಾಲು ಡಾಕ್‌ಬುಕ್‌ನ ಮೂಲ ಸ್ಟೈಲ್‌ಶೀಟನ್ನ ಇಂಪೋರ್ಟ್ ಮಾಡೋದು, ಕೆಳಗೆ ನಿಮಗೆ ಬೇಕಾದ ಬದಲಾವಣೆ ಮಾತ್ರ. ಮೂಲ ಫೈಲನ್ನ ತೆಗೆದು ಅಲ್ಲೇ ತಿದ್ದೋ ಆಸೆ ಬರತ್ತೆ, ಬೇಡ, ಪ್ಯಾಕೇಜ್ ಅಪ್‌ಡೇಟ್ ಆದ ದಿನ ನಿಮ್ಮ ತಿದ್ದುಪಡಿಗೆ ಎಳ್ಳುನೀರು.

ವೆಬ್‌ಗೆ ಇಂಪೋರ್ಟ್ ಮಾಡಬೇಕಾದ್ದು ಎಕ್ಸ್‌ಎಚ್‌ಟಿಎಂಎಲ್5 ಫೋಲ್ಡರಲ್ಲಿರೋ ಚಂಕ್ ಅನ್ನೋ ಫೈಲ್, ಇದು ಅಧ್ಯಾಯ, ಅದರ ಮುಖ್ಯ ಸೆಕ್ಷನ್ ಅಂತ ಬೇರೆ ಬೇರೆ ಪುಟವಾಗಿ ತುಂಡು ಮಾಡಿ ಕೊಡತ್ತೆ. ಪಕ್ಕದಲ್ಲೇ ಬರೀ ಎಚ್‌ಟಿಎಂಎಲ್ ಅನ್ನೋ ಫೋಲ್ಡರೂ ಇದೆ, ಅದರ ಡೀಫಾಲ್ಟ್ ಎನ್‌ಕೋಡಿಂಗ್ ಐಎಸ್‌ಒ 8859-1, ಅದರಲ್ಲಿ ಕನ್ನಡ ಅಕ್ಷರಕ್ಕೆ ಜಾಗವೇ ಇಲ್ಲ, ಹಾಗಾಗಿ "ಕ" ಅನ್ನೋ ಅಕ್ಷರ ಕ ಅಂತ ನಂಬರಾಗಿ ಹೋಗತ್ತೆ. ಬ್ರೌಸರ್‌ನಲ್ಲಿ ಸರಿಯಾಗೇ ಕಾಣತ್ತೆ ಅದಕ್ಕೇ ಯಾರಿಗೂ ಗೊತ್ತಾಗಲ್ಲ, ಆದ್ರೆ 3 ಬೈಟ್ ಇರಬೇಕಾದ ಕಡೆ 7 ಬೈಟ್, ಫೈಲಲ್ಲಿ ಗ್ರೆಪ್ ಕಮಾಂಡಿಂದ ಹುಡುಕಿದ್ರೆ ಒಂದು ಕನ್ನಡ ಪದಾನೂ ಸಿಗಲ್ಲ. ಹಳೇ ಫೋಲ್ಡರನ್ನೇ ಬಳಸಬೇಕಾದ ಪರಿಸ್ಥಿತಿ ಇದ್ರೆ ಚಂಕರ್ ಡಾಟ್ ಔಟ್‌ಪುಟ್ ಡಾಟ್ ಎನ್‌ಕೋಡಿಂಗ್ ಅನ್ನೋ ಪ್ಯಾರಾಮೀಟರನ್ನ ಯುಟಿಎಫ್-8 ಮಾಡಿ.

ಇನ್ನು ನಾನು ಯಾವಾಗ್ಲೂ ಹಾಕೋ ಪ್ಯಾರಾಮೀಟರ್ ನಾಲ್ಕು. ಯೂಸ್ ಡಾಟ್ ಐಡಿ ಡಾಟ್ ಆ್ಯಸ್ ಡಾಟ್ ಫೈಲ್‌ನೇಮ್ 1 ಮಾಡಿದ್ರೆ ಮೇಲೆ ಕೊಟ್ಟ ಐಡಿಯೇ ಪುಟದ ಹೆಸರಾಗತ್ತೆ, ಇಲ್ದಿದ್ರೆ ಸಿಎಚ್01, ಸಿಎಚ್02 ಅಂತ ಬಂದು ಮಧ್ಯೆ ಒಂದು ಅಧ್ಯಾಯ ಸೇರಿಸಿದ ದಿನ ಹಳೇ ಲಿಂಕ್ ಎಲ್ಲಾ ಬೇರೆ ಅಧ್ಯಾಯಕ್ಕೆ ಹೋಗತ್ತೆ. ಎಚ್‌ಟಿಎಂಎಲ್ ಡಾಟ್ ಸ್ಟೈಲ್‌ಶೀಟ್‌ಗೆ ನಿಮ್ಮ ಸಿಎಸ್‌ಎಸ್ (ಪುಟ ಹೇಗೆ ಕಾಣಬೇಕು ಅಂತ ಹೇಳೋ) ಫೈಲ್ ಹೆಸರು, ಬೇಸ್ ಡಾಟ್ ಡಿರ್‌ಗೆ ಔಟ್‌ಪುಟ್ ಫೋಲ್ಡರ್, ಸೆಕ್ಷನ್ ಡಾಟ್ ಆಟೋಲೇಬಲ್ 1 ಮಾಡಿದ್ರೆ ಸೆಕ್ಷನ್‌ಗೆ ನಂಬರ್.

ಓಡಿಸೋವಾಗ ಮೊದಲು ಎಕ್ಸ್‌ಎಸ್‌ಎಲ್‌ಟಿಪ್ರಾಕ್ (ಸ್ಟೈಲ್‌ಶೀಟನ್ನ ಪುಸ್ತಕದ ಮೇಲೆ ಓಡಿಸೋ ಕಮಾಂಡ್), ಆಮೇಲೆ ಎಕ್ಸ್‌ಇನ್‌ಕ್ಲೂಡ್ ಆಪ್ಷನ್, ಆಮೇಲೆ ಸ್ಟೈಲ್‌ಶೀಟ್, ಕೊನೆಗೆ ಪುಸ್ತಕದ ಫೈಲ್. ಈ ಕ್ರಮ ಉಲ್ಟಾ ಮಾಡಿ ಅರ್ಧ ಗಂಟೆ ತಲೆ ಕೆರ್ಕೊಂಡವರಲ್ಲಿ ನಾನೂ ಒಬ್ಬ. ಎಕ್ಸ್‌ಇನ್‌ಕ್ಲೂಡ್ ಆಪ್ಷನ್ ಮರೆತ್ರೆ ಬರೀ ಟೈಟಲ್ ಇರೋ ಬೋಳು ಪುಸ್ತಕ ಬರತ್ತೆ.

ಸಿಎಸ್‌ಎಸ್ಸಲ್ಲಿ ಕನ್ನಡಕ್ಕೆ ಅಂತ ಎರಡೇ ಮಾತು. ಲೈನ್ ಹೈಟ್ 1.6ಕ್ಕಿಂತ ಕಡಿಮೆ ಮಾಡಬೇಡಿ, "ರಾಷ್ಟ್ರ" ಪದದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗತ್ತೆ. ಮತ್ತೆ ಎರಡೂ ಅಂಚು ಸಮ ಮಾಡೋ ಜಸ್ಟಿಫೈ ಬೇಡ, ನಮ್ಮ ಪದಗಳು ಉದ್ದ, "ಸಂಪರ್ಕಿಸಬೇಕಾಗಿರುವುದರಿಂದ" ಅಂತ ಒಂದು ಬಂದ್ರೆ ಮೊಬೈಲಲ್ಲಿ ಅದರ ಹಿಂದಿನ ಸಾಲು ಹಲ್ಲು ಬಿದ್ದ ಬಾಯಿ ತರ ಆಗತ್ತೆ. ಎಡಕ್ಕೆ ಅಂಟಿಸಿ ಬಿಡಿ, ಚೆನ್ನಾಗಿರತ್ತೆ.

ವೆಬ್ಬಲ್ಲಿ ಒಂದು, ಪ್ರಿಂಟಲ್ಲಿ ಇನ್ನೊಂದು ಬೇಕು ಅಂದ್ರೆ

"ಇಲ್ಲಿ ಒತ್ತಿ ವಿಡಿಯೋ ನೋಡಿ" ಅಂತ ಪುಸ್ತಕದಲ್ಲಿ ಅಚ್ಚಾಗಿರೋದು ನೋಡಿರ್ತೀರಿ. ಇದಕ್ಕೆ ಡಾಕ್‌ಬುಕ್ಕಲ್ಲಿ ಕಂಡೀಷನ್ ಅನ್ನೋ ಆಟ್ರಿಬ್ಯೂಟ್ ಇದೆ. ವಿಡಿಯೋ ಪ್ಯಾರಾಗೆ ಕಂಡೀಷನ್ ವೆಬ್ ಅಂತ, ಕ್ಯೂಆರ್ ಕೋಡ್ ಚಿತ್ರಕ್ಕೆ ಕಂಡೀಷನ್ ಪ್ರಿಂಟ್ ಅಂತ ಕೊಟ್ಟು, ಪ್ರೊಫೈಲಿಂಗ್ ಫೋಲ್ಡರಲ್ಲಿರೋ ಪ್ರೊಫೈಲ್ ಸ್ಟೈಲ್‌ಶೀಟನ್ನ ಮೊದಲು ಒಂದ್ಸಲ ಓಡಿಸಿ, ಪ್ರೊಫೈಲ್ ಡಾಟ್ ಕಂಡೀಷನ್ ಅಂತ ಯಾವುದು ಬೇಕೋ ಅದನ್ನ ಹೇಳಿ. ಜರಡಿ ಹಿಡಿದ ಎಕ್ಸ್‌ಎಂಎಲ್ ಒಂದು ಬರತ್ತೆ, ಮುಂದಿನ ಕೆಲಸ ಅದರ ಮೇಲೆ. ಏನೂ ಹಾಕದೇ ಇರೋ ಪ್ಯಾರಾಗಳು ಎರಡರಲ್ಲೂ ಉಳೀತವೆ. ಒಂದೇ ಎಚ್ಚರ, ವೆಬ್‌ಗೆ ಮಾತ್ರ ಅಂತ ಹಾಕಿದ ಸೆಕ್ಷನ್‌ಗೆ ಬೇರೆ ಕಡೆಯಿಂದ ಕ್ರಾಸ್ ರೆಫರೆನ್ಸ್ ಕೊಟ್ಟಿದ್ರೆ ಪ್ರಿಂಟಲ್ಲಿ ಅದು ಮುರಿಯತ್ತೆ.

ಪ್ರಿಂಟ್‌ಗೆ, ಅಸಲಿ ತಲೆನೋವು ಇಲ್ಲಿ

ಈಗ ಎಚ್‌ಚರಿಕೆ ಕಥೆಗೆ ಬರೋಣ. ಯೂನಿಕೋಡಲ್ಲಿ "ಚ್ಚ" ಅಂತ ಒಂದು ಅಕ್ಷರ ಇಲ್ಲ, ಚ, ಹಲಂತ, ಮತ್ತೆ ಚ ಅಂತ ಮೂರು ಸಾಲಾಗಿ ಕೂತಿರ್ತವೆ. ಅದನ್ನ ನೋಡಿ ಫಾಂಟ್ ಒಳಗಿರೋ ನಿಯಮದ ಪ್ರಕಾರ ಎರಡನೇ ಚ ಕೆಳಗೆ ಒತ್ತಾಗಿ ಕೂರಿಸೋ ಕೆಲಸಕ್ಕೆ ಶೇಪಿಂಗ್ ಅಂತಾರೆ. ಅರ್ಕಾವತ್ತಲ್ಲಂತೂ ಕ್ರಮವೇ ತಿರುಗಾ ಮುರುಗಾ, "ರ್ಕ" ಅಂತ ಬರೆಯೋವಾಗ ಮೊದಲು ಬರೋ ರ ಕೊನೆಗೆ ಹೋಗಿ ಕೂರಬೇಕು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲಾ ಈ ಕೆಲಸಕ್ಕೆ ಹಾರ್ಫ್‌ಬಜ್ ಅನ್ನೋ ಲೈಬ್ರರಿ ಬಳಸ್ತವೆ. ಪಿಡಿಎಫ್ ಮಾಡೋ ಎಷ್ಟೋ ಟೂಲ್ ಬಳಸಲ್ಲ. ಅಷ್ಟೇ ವಿಷಯ. ಹಾಗಾಗಿ ಪ್ರಿಂಟ್ ಟೂಲ್ ಆರಿಸೋವಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ ಟೆಂಪ್ಲೇಟ್ ಚೆನ್ನಾಗಿದ್ಯಾ ಅಂತಲ್ಲ, ಒಳಗೆ ಶೇಪಿಂಗ್ ಯಾರು ಮಾಡ್ತಾರೆ ಅಂತ.

ಡಾಕ್‌ಬುಕ್‌ನ ಸಾಂಪ್ರದಾಯಿಕ ದಾರಿ ಅಂದ್ರೆ ಎಕ್ಸ್‌ಎಸ್‌ಎಲ್-ಎಫ್‌ಒ ಅನ್ನೋ ಮಧ್ಯದ ಫಾರ್ಮ್ಯಾಟ್ ಮಾಡಿ ಅಪಾಚೆ ಎಫ್‌ಒಪಿ ಅನ್ನೋ ಪಿಡಿಎಫ್ ಟೂಲಿಗೆ ಕೊಡೋದು. ಪೋಸ್ಟ್‌ಗ್ರೆಸ್‌ನವ್ರು ಪಿಡಿಎಫ್ ಮಾಡೋದು ಹಾಗೇ. ಇಂಗ್ಲಿಷ್ ಮ್ಯಾನ್ಯುಯಲ್‌ಗೆ ಕಣ್ಣು ಮುಚ್ಕೊಂಡು ಬಳಸಿ. ಅದರಲ್ಲಿ ದೇವನಾಗರಿ, ಗುಜರಾತಿ, ಗುರುಮುಖಿಗೆ ಅಂತ ಶೇಪಿಂಗ್ ಕೋಡ್ ಬರೆದಿದಾರೆ, ಕನ್ನಡಕ್ಕೆ ಅಂತ ಬರೆದಿಲ್ಲ, ಅದಕ್ಕೆ ಕನ್ನಡ ಪುಸ್ತಕಕ್ಕೆ ಆ ದಾರಿ ಬೇಡ. ಆಸ್ಕಿಡಾಕ್ಟರ್ ಪಿಡಿಎಫ್ ಅನ್ನೋ ಇನ್ನೊಂದು ಟೂಲ್ ಬಳಸೋರಿಗೂ ಇದೇ ಮಾತು, ಅದರ ಒಳಗಿರೋ ಪ್ರಾನ್ ಲೈಬ್ರರಿ ಇಂಥ ಲಿಪಿಗಳ ಶೇಪಿಂಗ್ ಮಾಡಲ್ಲ.

ನಾನು ಕೊನೆಗೆ ಹಿಡಿದ ದಾರಿ: ಡಾಕ್‌ಬುಕ್ಕಿಂದ ಒಂದೇ ಉದ್ದ ಎಚ್‌ಟಿಎಂಎಲ್ ಮಾಡೋದು, ಅದನ್ನ ಪ್ರಿಂಟ್ ಸಿಎಸ್‌ಎಸ್ ಜೊತೆ ವೀಸಿಪ್ರಿಂಟ್‌ಗೆ ಕೊಟ್ಟು ಪಿಡಿಎಫ್ ತೆಗೆಯೋದು. ವೀಸಿಪ್ರಿಂಟ್ ಅಕ್ಷರ ಜೋಡಿಸೋಕೆ ಪ್ಯಾಂಗೋ ಬಳಸತ್ತೆ, ಪ್ಯಾಂಗೋ ಹಾರ್ಫ್‌ಬಜ್ ಬಳಸತ್ತೆ, ಒತ್ತಕ್ಷರ ಬ್ರೌಸರಲ್ಲಿ ಹೇಗೋ ಹಾಗೇ. ಇನ್ನೊಂದು ಲಾಭ, ವೆಬ್‌ಗೆ ಕಲಿತ ಸಿಎಸ್‌ಎಸ್ಸೇ ಇಲ್ಲೂ ನಡೆಯತ್ತೆ, ಎಫ್‌ಒ ಅನ್ನೋ ಇನ್ನೊಂದು ಭಾಷೆ ಕಲೀಬೇಕಿಲ್ಲ. ಎಕ್ಸ್‌ಎಚ್‌ಟಿಎಂಎಲ್5 ಫೋಲ್ಡರಲ್ಲಿ ಚಂಕ್ ಬದಲು ಡಾಕ್‌ಬುಕ್ ಅನ್ನೋ ಫೈಲ್ ಇಂಪೋರ್ಟ್ ಮಾಡಿದ್ರೆ ಒಂದೇ ಎಚ್‌ಟಿಎಂಎಲ್ ಸಿಗತ್ತೆ.

ಪ್ರಿಂಟ್ ಸಿಎಸ್‌ಎಸ್ಸಲ್ಲಿ ಪೇಜ್ ಅನ್ನೋ ಆ್ಯಟ್ ರೂಲ್‌ನಲ್ಲಿ ಸೈಜ್ ಎ5 ಅಂತ ಕೊಡಿ, ಅಂದ್ರೆ 148 ಗುಣಿಲೆ 210 ಮಿಲಿಮೀಟರ್. ಎಡಪುಟಕ್ಕೂ ಬಲಪುಟಕ್ಕೂ ಬೇರೆ ಬೇರೆ ಮಾರ್ಜಿನ್ ಕೊಡಬಹುದು, ಹೊಲಿಗೆ ಕಡೆ 18 ಮಿಲಿಮೀಟರ್, ಹೊರಗಡೆ 12 ನನ್ನ ಲೆಕ್ಕ. ಪುಟದ ನಂಬರ್ ಬಾಟಮ್ ಸೆಂಟರ್ ಡಬ್ಬದಲ್ಲಿ ಕೌಂಟರ್ ಪೇಜ್ ಅಂತ, ಅದಕ್ಕೆ ಕನ್ನಡ ಅನ್ನೋ ಸ್ಟೈಲ್ ಹೆಸರು ಸೇರಿಸಿದ್ರೆ ೧, ೨, ೩ ಅಂತ ಕನ್ನಡ ಅಂಕಿಯಲ್ಲೇ ಬರತ್ತೆ, ಸಿಎಸ್‌ಎಸ್ಸಲ್ಲೇ ಅದು ಇದೆ, ನನಗೆ ಮೊದಲ ಸಲ ನೋಡಿದಾಗ ಖುಷಿಯಾಗಿ ಎರಡು ಸಲ ಪ್ರಿಂಟ್ ತೆಗೆದೆ. ಆದ್ರೆ ಮೀಟರ್ ಮೇಲಿನ ಅಂಕಿ 1, 2, 3 ಇರೋ ಮ್ಯಾನ್ಯುಯಲ್‌ಗೆ ಅದು ಹೊಂದಲಿಲ್ಲ, ತೆಗೆದೆ.

ಪರಿವಿಡಿಯಲ್ಲಿ ಪುಟ ಸಂಖ್ಯೆ ಬರೋಕೆ ಟಾರ್ಗೆಟ್ ಕೌಂಟರ್ ಅನ್ನೋ ಫಂಕ್ಷನ್ ಇದೆ, ಟಿಒಸಿ (ಪರಿವಿಡಿಯ) ಕ್ಲಾಸಿನ ಒಳಗಿರೋ ಪ್ರತಿ ಲಿಂಕಿನ ಆಫ್ಟರ್‌ನಲ್ಲಿ ಅದನ್ನ ಹಾಕಿದ್ರೆ ಆ ಲಿಂಕ್ ಹೋಗೋ ಜಾಗ ಎಷ್ಟನೇ ಪುಟದಲ್ಲಿದೆ ಅಂತ ತಾನೇ ಲೆಕ್ಕ ಹಾಕತ್ತೆ. ಬ್ರೌಸರಿನ ಪ್ರಿಂಟ್ ಬಟನ್ ಒತ್ತಿದ್ರೆ ಇದು ಸಿಗಲ್ಲ, "ಕ್ರೋಮಲ್ಲೇ ಸೇವ್ ಆ್ಯಸ್ ಪಿಡಿಎಫ್ ಮಾಡಿದ್ರೆ ಆಗಲ್ವಾ" ಅಂತ ಕೇಳೋರಿಗೆ ಇದೇ ಉತ್ತರ. ವಾರ್ನಿಂಗ್ ಕ್ಲಾಸಿಗೆ ಬ್ರೇಕ್ ಇನ್‌ಸೈಡ್ ಅವಾಯ್ಡ್ ಕೊಡಿ, ಎಚ್ಚರಿಕೆಯ ಡಬ್ಬ ಅರ್ಧ ಈ ಪುಟ ಅರ್ಧ ಆ ಪುಟ ಆಗಬಾರ್ದು. ತಲೆಬರಹಕ್ಕೆ ಬ್ರೇಕ್ ಆಫ್ಟರ್ ಅವಾಯ್ಡ್.

ಚಿತ್ರಗಳ ವಿಷಯ, ವೈರಿಂಗ್ ಡಯಾಗ್ರಾಂ ಎಲ್ಲಾ ಎಸ್‌ವಿಜಿ (ದೊಡ್ಡದು ಮಾಡಿದ್ರೂ ಮಸುಕಾಗದ ಗೆರೆ ಚಿತ್ರ) ಇದ್ರೆ ಎರಡೂ ಕಡೆ ನಡೆಯತ್ತೆ. ಫೋಟೋ ಆದ್ರೆ ಎ5ರಲ್ಲಿ ಮಾರ್ಜಿನ್ ಕಳೆದು ಉಳಿಯೋ 118 ಮಿಲಿಮೀಟರ್‌ಗೆ 300 ಡಿಪಿಐ ಲೆಕ್ಕದಲ್ಲಿ ಸುಮಾರು 1400 ಪಿಕ್ಸೆಲ್ ಅಗಲ ಬೇಕು, ವಾಟ್ಸಾಪಲ್ಲಿ ಬಂದ ಫೋಟೋ ಹಾಕಿ ಆಮೇಲೆ ಪ್ರೆಸ್‌ನವ್ರನ್ನ ಬೈಬೇಡಿ.

ಗಣಿತ ಸೂತ್ರ, ಅಡಿಟಿಪ್ಪಣಿ ತುಂಬಾ ಇರೋ ಪುಸ್ತಕ ಆದ್ರೆ ಜೀಟೆಕ್ ಅನ್ನೋ ಅಕ್ಷರ ಜೋಡಣೆ ಪ್ರೋಗ್ರಾಂ ದಾರಿ ಒಳ್ಳೇದು, ಅದೂ ಹಾರ್ಫ್‌ಬಜ್ಜೇ. ಡಾಕ್‌ಬುಕ್ಕಿಂದ ಪಿಡಿಎಫ್ ಮಾಡೋ ಡಿಬಿಲೇಟೆಕ್‌ಗೆ ಬ್ಯಾಕೆಂಡ್ ಜೀಟೆಕ್ ಅಂತ ಹೇಳಿ, ಅಥವಾ ಫಾರ್ಮ್ಯಾಟ್ ಬದಲಾಯಿಸೋ ಪ್ಯಾನ್‌ಡಾಕ್‌ಗೆ ಡಾಕ್‌ಬುಕ್ ಫೈಲ್ ಕೊಟ್ಟು ಪಿಡಿಎಫ್ ಎಂಜಿನ್ ಜೀಲೇಟೆಕ್ ಅಂತ ಹೇಳಿ. ಪ್ಯಾನ್‌ಡಾಕ್ ಡಾಕ್‌ಬುಕ್‌ನ ಎಲ್ಲಾ ಟ್ಯಾಗನ್ನೂ ಉಳಿಸ್ಕೊಳ್ಳಲ್ಲ, ಹೋಲಿಸಿ ನೋಡಿ. ಇಲ್ಲಿ ಫಾಂಟ್ ಹೆಸರು ಕೊಟ್ರೆ ಸಾಲದು, ಫಾಂಟ್ ಆಪ್ಷನ್ನಲ್ಲಿ ಸ್ಕ್ರಿಪ್ಟ್ ಇಸೀಕ್ವಲ್ಟು ಕನ್ನಡ ಅಂತ ಕೊಡಬೇಕು, ಅದು ಬಿಟ್ರೆ ಶೇಪಿಂಗ್ ಮಾಡೋ ಎಂಜಿನ್ ಇದ್ದೂ ಒತ್ತಕ್ಷರ ಕೈ ಕೊಡತ್ತೆ.

ಪುಸ್ತಕದ ಕೊನೆಗೆ ಕನ್ನಡ ಇಂಡೆಕ್ಸ್ ಬೇಕು ಅಂತ ಯಾರಾದ್ರೂ ಕೇಳಿದ್ರೆ ಮೊದಲು ಮಾತು ಬೇರೆ ಕಡೆ ತಿರುಗಿಸಿ ನೋಡಿ. ಡಾಕ್‌ಬುಕ್ ಸ್ಟೈಲ್‌ಶೀಟಿನ ಬೇಸಿಕ್ ಇಂಡೆಕ್ಸ್ ವಿಧಾನ ಇಂಗ್ಲಿಷ್ ಅಕ್ಷರಮಾಲೆ ಲೆಕ್ಕದಲ್ಲಿ ಗುಂಪು ಮಾಡೋದು, ಅ ಆ ಇ ಈ ಗುಂಪು ಅದಕ್ಕೆ ಗೊತ್ತಿಲ್ಲ. ನಾನು ಇಂಡೆಕ್ಸ್ ಬಿಟ್ಟು ಪರಿವಿಡಿಯನ್ನೇ ಎರಡು ಹಂತ ಮಾಡಿದೆ.

ಪ್ರೆಸ್‌ಗೆ ಕೊಡೋಕ್ ಮುಂಚೆ

ನನ್ನ ಹತ್ರ ಈಗ ಒಂದು ಪರೀಕ್ಷೆ ಪುಟ ಇದೆ, ಯಾವ ಹೊಸ ಟೂಲ್ ಬಂದ್ರೂ, ಫಾಂಟ್ ಬದಲಾದ್ರೂ ಮೊದಲು ಅದನ್ನ ಓಡಿಸ್ತೀನಿ: ಎಚ್ಚರಿಕೆ, ವಿದ್ಯುತ್, ಸಂಪರ್ಕ, ಸ್ತ್ರೀ, ರಾಷ್ಟ್ರ, ವೈಶಿಷ್ಟ್ಯ, ಲಕ್ಷ್ಮಿ, ವಿಜ್ಞಾನ, ಸೂರ್ಯ, ಕೊಳ್ಳೋಣ, ಸಾಫ್ಟ್‌ವೇರ್. ಇವಿಷ್ಟೂ ಸರಿ ಬಂದ್ರೆ ಮಿಕ್ಕಿದ್ದು ಬಹುತೇಕ ಬರತ್ತೆ. ದಪ್ಪಕ್ಷರದಲ್ಲೂ ಒಂದ್ಸಲ ಹಾಕಿ, ಕೆಲವು ಫಾಂಟಿಗೆ ಬೋಲ್ಡ್ ಇರಲ್ಲ, ಆಗ ಟೂಲ್ ಸುಮ್ನೆ ಬೇರೆ ಫಾಂಟ್ ಎತ್ಕೊಂಡು ಬರತ್ತೆ.

ಆಮೇಲೆ ಪಿಡಿಎಫ್‌ಫಾಂಟ್ಸ್ ಅನ್ನೋ ಕಮಾಂಡ್ ಓಡಿಸಿ, ಪ್ರತಿ ಫಾಂಟಿನ ಎದುರು ಎಂಬೆಡ್ ಕಾಲಂನಲ್ಲಿ ಯೆಸ್ ಇರಬೇಕು. ಕಪ್ಪು-ಬಿಳುಪು ಕೆಲಸ ಆದ್ರೆ ಗೋಸ್ಟ್‌ಸ್ಕ್ರಿಪ್ಟ್ ಅನ್ನೋ ಪಿಡಿಎಫ್ ಟೂಲಲ್ಲಿ ಕಲರ್ ಕನ್ವರ್ಷನ್ ಗ್ರೇ ಮಾಡಿ ಕೊಡಿ, ಇಲ್ದಿದ್ರೆ ಆರ್‌ಜಿಬಿ ಕಪ್ಪು ಪ್ರೆಸ್ಸಲ್ಲಿ ನಾಲ್ಕು ಬಣ್ಣದ ಮಿಶ್ರಣ ಆಗಿ ಅಕ್ಷರದ ಅಂಚು ಮಬ್ಬಾಗಬಹುದು. ಮಧ್ಯೆ ಪಿನ್ ಹೊಡೆಯೋ ಪುಸ್ತಕಕ್ಕೆ ಪುಟ ಸಂಖ್ಯೆ 4ರ ಗುಣಕ ಇರಬೇಕು, 46 ಪುಟ ಬಂದ್ರೆ ಕೊನೆಗೆ "ಟಿಪ್ಪಣಿಗೆ" ಅಂತ ಎರಡು ಖಾಲಿ ಪುಟ ಸೇರಿಸಿ 48 ಮಾಡಿ, ರೈತರು ಅದರಲ್ಲಿ ಕರೆಂಟ್ ಬರೋ ಟೈಮ್ ಬರ್ಕೊಳ್ತಾರೆ.

ಅದೇ ಪಿಡಿಎಫ್ ಅನ್ನ ವೆಬ್‌ಸೈಟಲ್ಲಿ ಡೌನ್‌ಲೋಡ್‌ಗೆ ಇಡೋದಾದ್ರೆ ಒಂದು ವಿಷಯ, ಅದರ ಒಳಗೆ ಕನ್ನಡ ಪದ ಹುಡುಕೋದು, ಕಾಪಿ ಮಾಡೋದು ನೆಚ್ಚಿಕೊಳ್ಳೋ ಹಾಗಿಲ್ಲ, ಪಿಡಿಎಫ್ಫಲ್ಲಿ ಇರೋದು ಅಕ್ಷರದ ಚಿತ್ರಗಳ ಸಾಲು, ಒತ್ತು ಹಿಂದೆ ಮುಂದೆ ಆಗಿ ಬರಬಹುದು. ಹುಡುಕೋರಿಗೆ ಎಚ್‌ಟಿಎಂಎಲ್ ಪುಟಗಳು ಇದಾವಲ್ಲ.

ಇಷ್ಟೆಲ್ಲಾ ಹಂತ ಕೈಯಲ್ಲಿ ಮಾಡೋದು ಬೇಡ, ಮೇಕ್ ಕಮಾಂಡಿಗೆ ಹಂತಗಳನ್ನ ಹೇಳಿಕೊಡೋ ಒಂದು ಮೇಕ್‌ಫೈಲ್ ಬರೀರಿ, ವೆಬ್ ಅಂತ ಒಂದು ಟಾರ್ಗೆಟ್, ಪ್ರಿಂಟ್ ಅಂತ ಒಂದು, ಎರಡಕ್ಕೂ ಮುಂಚೆ ವ್ಯಾಲಿಡೇಟ್. ಸಾಲಿನ ಮುಂದೆ ಸ್ಪೇಸ್ ಅಲ್ಲ, ಟ್ಯಾಬ್. ಪ್ರಿಂಟ್ ಹೊರಡೋ ರಾತ್ರಿ ಯಾರೋ ಫೋನ್ ಮಾಡಿ "ಒಂದೇ ಒಂದು ನಂಬರ್ ಬದಲಾಯಿಸಿ, ಪಿಡಿಎಫ್ಫಲ್ಲೇ ಮಾಡ್ಬಿಡಿ" ಅಂತಾರೆ, ಮಾಡಬೇಡಿ, ಸೋರ್ಸಲ್ಲಿ ಬದಲಾಯಿಸಿ ಮೇಕ್ ಹೊಡೀರಿ, ಪಿಡಿಎಫ್ ಎಡಿಟರಲ್ಲಿ ತೆರೆದು ಕನ್ನಡ ಸಾಲು ಮುಟ್ಟಿದ್ರೆ ಅದು ಮತ್ತೆ ಎಚ್‌ಚರಿಕೆ.